ಮಾನಪ್ಪ ಮಾಸ್ತರರ ಖರೆ-ಸುಳ್ಳು

ಮಸ್ಕಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾನಪ್ಪ ಮಾಸ್ತರರಿಗೆ ರಾಕ್ ಸಂಗೀತಕ್ಕಿಂತ ಆ ಹಾಡುಗಾರರ ಜೀವನಚರಿತ್ರೆಗಳ ಹುಚ್ಚೇ ಹೆಚ್ಚು. ತೊಂಬತ್ತರ ಸುಮಾರಿಗೆ ಹೈದರಾಬಾದಿನ ಹಳೇ ಪುಸ್ತಕದಂಗಡಿಗಳಲ್ಲಿ ಡ್ಯಾನಿ ಕ್ರಾಫ್ಟ್ ಎಂಬ ಒಬ್ಬನೇ ಗಿಟಾರುಗಾರನ ಬಗ್ಗೆ ಅವರಿಗೆ ಮೂರು ಪುಸ್ತಕ ಸಿಕ್ಕಿದ್ದವು. ಒಂದರಲ್ಲಿ ಅವನು ಹಡಗಿನಲ್ಲಿ ಹುಟ್ಟಿದ್ದ, ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ. ಮೂರನೆಯದು ಹುಟ್ಟಿನ ಸುದ್ದಿಯನ್ನೇ ಎತ್ತಿರಲಿಲ್ಲ. ಮೂರನ್ನೂ ತೊಡೆಯ ಮೇಲೆ ಹರಡಿಕೊಂಡು ತಾಳೆ ನೋಡುತ್ತ, ಸಿಂಧನೂರಿನಿಂದ ಬಸ್ಸಿನಲ್ಲಿ ಬರುವಾಗ ಮಸ್ಕಿಯಲ್ಲಿ ಇಳಿಯುವುದನ್ನೇ ಮರೆತು ಲಿಂಗಸುಗೂರು ಮುಟ್ಟಿದ್ದೂ ಉಂಟು. "ಯಾವುದು ಖರೆ ಅಂತ ತಲಿ ಕೆಟ್ಟು ಹೋಗೇತ್ರಿ. ಬರದಾವ ಆ ಮನಿಯಾಗ ಇದ್ದನೇನು? ಇದ್ದಿದ್ರ ಅಷ್ಟ ನಂಬಬೇಕು" ಎಂದು ಸ್ಟಾಫ್ ರೂಮಿನಲ್ಲಿ ಕಂಡವರಿಗೆಲ್ಲ ಹೇಳುವರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಅನುಮಾನವಿರಲಿಲ್ಲ: ಡ್ಯಾನಿಯನ್ನು ಅವನಪ್ಪ ಬೆಲ್ಟಿನಿಂದ ಬಡಿಯುತ್ತಿದ್ದ. ಒಮ್ಮೆ ಬಳಗಾನೂರಿನಲ್ಲಿ ಅಕ್ಕ ಗ್ಯಾನಮ್ಮನಿಗೆ ಅದನ್ನು ಓದಿ ಹೇಳಿ, "ನಮ್ಮಪ್ಪನೂ ನನ್ನ ಹಿಂಗ ಬಡೀತಿದ್ದ. ಅದಕ್ಕ ಇದು ಖರೆ" ಎಂದರು. ಗ್ಯಾನಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಅಪ್ಪ ನಿನ್ನ ಮೈ ಯಾವತ್ತೂ ಮುಟ್ಟಿಲ್ಲ ಮಾನ್ಯಾ. ಬಡೀತಿದ್ದದ್ದು ನನ್ನ. ನೀ ಬಾಗಲ ಹಿಂದ ನಿಂತು ಅಳತಿದ್ದಿ." ಮಾಸ್ತರರು ಕಂಗಾಲಾಗಿ, ನೋವು ಇನ್ನೂ ನೆನಪಿದ್ದ ತಮ್ಮ ಬೆನ್ನನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ನಿನ್ನ ಭಾಳ ಬಡದಿದ್ನೇನು ಅಕ್ಕಾ?" ಎಂದು ಕೇಳಿದರು.