ಪೆರ್ನೆಟ್ ಒಡೆದ ಗಡಿಗೆ

ಪೆರ್ನೆಟ್ ಗರೆಲ್ಲಿ ಹುಟ್ಟಿದ್ದು ಜಿನೀವಾದಲ್ಲಿ, ಬೆಳೆದದ್ದು ಜಿನೀವಾದಲ್ಲಿ, ಬೋವೆ ಸಾಹುಕಾರರ ಮಿಠಾಯಿ ಅಂಗಡಿಯಲ್ಲಿ ಚಾಕೊಲೇಟ್ ಕರಗಿಸುತ್ತ ತಲೆ ನರೆಸಿಕೊಂಡದ್ದೂ ಅಲ್ಲೇ. ಆದರೆ ಕಾನೂನಿನ ಕಣ್ಣಿಗೆ ಅವಳು ಊರಿನವಳಲ್ಲ. ಇಟಲಿಯಿಂದ ಬಂದ ಗಾರೆ ಕೆಲಸದವನೊಬ್ಬನನ್ನು ಮದುವೆಯಾದ ತಪ್ಪಿಗೆ ಅವಳ ಪೌರತ್ವವನ್ನೇ ಕಿತ್ತುಕೊಂಡಿದ್ದರು. ಗಂಡ ಸತ್ತ ಮೇಲೂ ಅದು ವಾಪಸು ಬರಲಿಲ್ಲ. ಮಗ ಎಲ್ವಿಯೋ ಹುಟ್ಟಿದಾಗಲೇ ಇಟಲಿಯವನು. ಊರಿನಲ್ಲಿ ಕೆಲಸಕ್ಕೆ ಬರಗಾಲ ಬಂದಾಗ ಮೊದಲು ಬಾಗಿಲು ಮುಚ್ಚಿದ್ದು ಅಂಥವರ ಮುಖಕ್ಕೇ. ಹುಡುಗ ಹೊಟ್ಟೆಪಾಡಿಗೆ ಇಟಲಿಯ ತೂರಿನ್‌ಗೆ ಹೋಗಿ ಲಾರಿ ಓಡಿಸಿದ. ೧೯೩೫ರಲ್ಲಿ ಅಲ್ಲಿನ ಸರ್ಕಾರ ಅವನ ಕೈಗೆ ಸೈನ್ಯದ ಲಾರಿ ಕೊಟ್ಟು ಅಬಿಸೀನಿಯಾ ದೇಶದ ಮೇಲೆ ತಾನು ಹೂಡಿದ ಯುದ್ಧಕ್ಕೆ ಅಟ್ಟಿತು.

ಆ ಯುದ್ಧವನ್ನು ನಿಲ್ಲಿಸಬೇಕಾದ ರಾಷ್ಟ್ರಸಂಘ ಇದ್ದದ್ದು ಪೆರ್ನೆಟ್‌ಳ ಊರಿನಲ್ಲೇ. ಲೋಕದಲ್ಲಿ ಇನ್ನು ಯುದ್ಧವೇ ನಡೆಯದಂತೆ ನೋಡಿಕೊಳ್ಳುತ್ತೇವೆ ಎಂದು ಬಂದು ಕೂತ ಮಹನೀಯರು ವರ್ಷಗಟ್ಟಲೆ ಅವಳ ಕೈಯ ಚಾಕೊಲೇಟ್ ತಿಂದಿದ್ದರು. ಈಗ ಅವರೆಲ್ಲ ಸೇರಿ, ದಾಳಿ ಮಾಡಿದ ಇಟಲಿಗೆ ಏನೇನು ಮಾರಬಾರದೆಂದು ಗೊತ್ತುಮಾಡಿದರು. ಕತ್ತೆ ಮಾರಬಾರದು. ಹೇಸರಗತ್ತೆ ಮಾರಬಾರದು. ಒಂಟೆ ಮಾರಬಾರದು. ಪೆಟ್ರೋಲ್? ಅದನ್ನು ಮಾರಬಹುದು! ಲಾರಿ, ಟ್ಯಾಂಕು, ವಿಮಾನಗಳೆಲ್ಲ ಹುಲ್ಲು ತಿಂದು ಓಡುತ್ತವೆಂದು ಇವರಿಗೆ ಯಾರು ಹೇಳಿದ್ದರೋ. ಮಾನಗೆಟ್ಟ ಕೆಲಸ, ಬೇರೆ ಮಾತಿಲ್ಲ.

"ಎಣ್ಣೆ ನಿಂತ್ರೆ ಲಾರಿ ನಿಲ್ಲುತ್ತೆ. ಲಾರಿ ನಿಂತ್ರೆ ನನ್ ಮಗ ಬದುಕ್ತಾನೆ, ಆ ಕಡೆಯವರ ಮಕ್ಕಳೂ ಬದುಕ್ತಾರೆ. ಇಷ್ಟು ತಿಳ್ಕೊಳ್ಳೋಕೆ ಉದ್ದ ಕೋಟು ಹಾಕ್ಕೊಂಡು ಬರ್ಬೇಕಾ ಸಾಹುಕಾರ್ರೇ?" ಎಂದಳು ಪೆರ್ನೆಟ್.

"ತಡಿಯಮ್ಮ. ಡಿಸೆಂಬರ್ ಹನ್ನೆರಡಕ್ಕೆ ಎಣ್ಣೆ ವಿಷಯಕ್ಕೇ ಅಂತ ಸಭೆ ಇದೆಯಂತೆ," ಎಂದರು ಬೋವೆ.

ಡಿಸೆಂಬರ್ ಹನ್ನೆರಡು ಜಿನೀವಾದ ದೊಡ್ಡ ಹಬ್ಬ. ಹಿಂದೆ ಶತ್ರುಗಳು ಏಣಿ ಹಾಕಿ ಕೋಟೆ ಹತ್ತಿದಾಗ ಒಬ್ಬ ಹೆಂಗಸು ಕುದಿಯುವ ಸಾರಿನ ಗಡಿಗೆಯನ್ನೇ ಅವರ ತಲೆಗೆ ಎತ್ತಿ ಹಾಕಿದಳಂತೆ. ಅವಳು ಯಾರ ಒಪ್ಪಿಗೆಗೂ ಕಾದು ನಿಂತಿರಲಿಲ್ಲ. ಅದರ ನೆನಪಿಗೆ ಮನೆಮನೆಯಲ್ಲೂ ಚಾಕೊಲೇಟಿನ ಗಡಿಗೆ ತರುತ್ತಾರೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರೂ ಎಲ್ಲರಿಗಿಂತ ಕಿರಿಯರೂ ಕೈ ಕೂಡಿಸಿ, "ಗಣರಾಜ್ಯದ ಶತ್ರುಗಳು ಹೀಗೇ ನಾಶವಾದರು!" ಎಂದು ಗುದ್ದಿ ಒಡೆಯುತ್ತಾರೆ. ಆಮೇಲೆ ಎಲ್ಲರೂ ಕಿತ್ತಾಡಿಕೊಂಡು ತಿನ್ನುತ್ತಾರೆ.

ಆ ವರ್ಷ ಸರೋವರದ ದಡದ ಹೋಟೆಲಿನಿಂದ ರಾಷ್ಟ್ರಸಂಘದ ಪ್ರತಿನಿಧಿಗಳ ಔತಣಕ್ಕೆ ದೊಡ್ಡ ಗಡಿಗೆಯೇ ಬೇಕೆಂದು ಹೇಳಿಕಳಿಸಿದರು. ಪೆರ್ನೆಟ್ ತಾನೇ ಅದನ್ನು ಮರದ ಮಣೆಯ ಮೇಲೆ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟು, ಮಣೆ ವಾಪಸು ಒಯ್ಯಲು ಪಕ್ಕದಲ್ಲಿ ನಿಂತಳು. ಒಡೆಯುವ ಲಕ್ಷಣವೇ ಕಾಣಲಿಲ್ಲ. ಬಿಳಿ ಮೀಸೆಯ ಹಿರಿಯ ಮಂತ್ರಿ, "ಮೊದಲು ತಾವು," ಎಂದು ಕಿರಿಯ ಕಾರ್ಯದರ್ಶಿಗೆ ಕೈ ತೋರಿದ. ಅವನು, "ಛೇ, ತಾವಿರುವಾಗ ನಾನೇ?" ಎಂದು ಬಾಗಿದ. ಇನ್ನೊಬ್ಬ, "ನಮ್ಮ ಸರ್ಕಾರವನ್ನೊಮ್ಮೆ ಕೇಳಬೇಕಪ್ಪ!" ಎಂದು ನಗೆ ಹಾರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪೆರ್ನೆಟ್‌ಗೆ ತಡೆಯಲಾಗಲಿಲ್ಲ. "ಸ್ವಾಮಿ, ಎಣ್ಣೆ ವಿಷಯ ಏನಾಯ್ತು ಇವತ್ತು?"

ಹಿರಿಯ ಮಂತ್ರಿ ಕೋಪಿಸಿಕೊಳ್ಳಲಿಲ್ಲ. "ಮುಂದಕ್ಕೆ ಹಾಕಿದೀವಮ್ಮ. ಎಲ್ಲರೂ ಒಪ್ಪಬೇಕಲ್ಲ."

"ಕತ್ತೆ ನಿಲ್ಲಿಸೋಕೆ ಒಪ್ಪಿದ್ರಲ್ಲ? ನನ್ ಮಗ ಓಡಿಸೋದು ಕತ್ತೆ ಅಲ್ಲ ಸ್ವಾಮಿ, ಲಾರಿ."

"ನಾವು ನಿಲ್ಲಿಸಿ ಏನು ಫಲ? ಸಂಘಕ್ಕೆ ಸೇರದೇ ಇರೋರು ಮಾರ್ತಾರೆ."

"ಪಕ್ಕದಂಗಡಿಯವನು ವಿಷ ಮಾರ್ತಾನೆ ಅಂತ ನೀವೂ ಮಾರ್ತೀರಾ?"

ಪೆರ್ನೆಟ್ ಮುಷ್ಟಿ ಬಿಗಿಹಿಡಿದು ಗಡಿಗೆಗೆ ಗುದ್ದಿದಳು. ಚಾಕೊಲೇಟ್ ಚೂರುಗಳು ಮಹನೀಯರ ಮಡಿಲಿಗೆ ಸಿಡಿದವು. ಹಬ್ಬದ ಮಾತನ್ನು ಅವಳು ಹೇಳಲಿಲ್ಲ. ಮಣೆ ಎತ್ತಿಕೊಂಡು ಹೊರಟುಹೋದಳು.

ಹೋಟೆಲಿನವರ ದೂರು ಬಂತು. ಬೋವೆ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಎಣ್ಣೆಯ ಮಾತು ಸಮಿತಿಯಿಂದ ಸಮಿತಿಗೆ ಅಲೆಯಿತು. ಫೆಬ್ರವರಿಯಲ್ಲಿ ಎಲ್ವಿಯೋ ಪೆಟ್ರೋಲ್ ಪೀಪಾಯಿ ಹೇರಿಕೊಂಡು ಹೋಗುತ್ತಿದ್ದಾಗ ಲಾರಿಗೆ ಗುಂಡು ಬಿದ್ದು ಹೊತ್ತಿಕೊಂಡಿತು. ಹೂಳಲೂ ಏನೂ ಉಳಿಯಲಿಲ್ಲವಂತೆ. ಇವರು ನಿಲ್ಲಿಸದೆ ಬಿಟ್ಟ ಎಣ್ಣೆಯಲ್ಲೇ ಅವಳ ಮಗ ಉರಿದ. ಆ ಬೇಸಿಗೆಯಲ್ಲಿ, ಇಟಲಿ ಯುದ್ಧ ಗೆದ್ದ ಮೇಲೆ, ಕತ್ತೆ, ಒಂಟೆಗಳ ಮೇಲಿದ್ದ ನಿಷೇಧವನ್ನೂ ತೆಗೆದುಹಾಕಿದರು.

ಪೆರ್ನೆಟ್ ಚಾಕೊಲೇಟ್ ಕರಗಿಸುತ್ತಲೇ ಇದ್ದಳು. ಇನ್ನೂ ದೊಡ್ಡ ಯುದ್ಧ ಬಂದು ಹೋಯಿತು. ೧೯೪೬ರ ಏಪ್ರಿಲ್‌ನಲ್ಲಿ ಬೋವೆ ಹೊರಗಿನಿಂದ ಬಂದು ಟೋಪಿ ತೆಗೆಯುತ್ತ, "ರಾಷ್ಟ್ರಸಂಘ ಮುಚ್ಚಿಬಿಟ್ರಂತೆ ಪೆರ್ನೆಟ್. ಸಭೆ ಸೇರಿ ಅವರೇ ತೀರ್ಮಾನ ಮಾಡಿದ್ರಂತೆ," ಎಂದರು.

"ಬೇಡ ಅನ್ನೋರು ಯಾರೂ ಇರ್ಲಿಲ್ವಾ?"

"ಒಬ್ರೂ ಇಲ್ಲ."

ಪೆರ್ನೆಟ್ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಹಾಗಾದ್ರೆ ಬರ್ತಿತ್ತಲ್ಲ ಸಾಹುಕಾರ್ರೇ," ಎಂದಳು, "ಎಲ್ರೂ ಒಪ್ಪೋಕೆ ಬರ್ತಿತ್ತಲ್ಲ ಇವ್ರಿಗೆ!"