ಕೊಲ್ಲೂರಿಗಲ್ಲ, ಕಾಡಿಗೆ

ನಮ್ಮ ಕಡೆ ಹೆಂಗಸು ಮನೆ ಬಿಟ್ಟು ಹೊರಗೆ ಒಂದು ರಾತ್ರಿ ಮಲಗಬೇಕಾದರೆ ಹೆರಿಗೆ ಆಗಬೇಕು, ಯಾರಾದರೂ ಸಾಯಬೇಕು, ಇಲ್ಲದಿದ್ದರೆ ದೇವರ ಹರಕೆ ಇರಬೇಕು. ಸುಮ್ಮನೆ ಹೋಗುತ್ತೇನೆ ಅಂದವಳನ್ನು ನಾನು ನೋಡಿದ್ದಿಲ್ಲ. ಯಾರೂ ಹೇಳದಿದ್ದ ಮೇಲೆ ನಾನೇ ಹೇಳಿದೆ.

ನಾವು ಮೀನು ಮಾರುವ ಹೆಂಗಸರು, ಕುಂದಾಪುರದ ಹತ್ತಿರ ಒಂದೇ ಕೇರಿಯವರು. ನಮ್ಮದೊಂದು ಉಳಿತಾಯದ ಸಂಘ ಇದೆ. ಬೆಳಿಗ್ಗೆ ಬಂದರಿನಲ್ಲಿ ಏಲಂ ಕೂಗಿದ ಮೀನು ಕೊಂಡು, ಐಸು ತುಂಬಿ, ಕೆಲವರು ಸಾಸ್ತಾನದ ಕಡೆ ಹೋಗುತ್ತಾರೆ. ನಾನು ಮತ್ತು ಪಕ್ಕದ ಮನೆಯವಳು ಹಾಲಾಡಿಗೆ. ಅಲ್ಲಿ ನಾಲ್ಕು ರಸ್ತೆ ಕೂಡುವ ಹತ್ತಿರ ಇಬ್ಬರೂ ಬುಟ್ಟಿಗೆ ಬುಟ್ಟಿ ತಾಗಿಸಿ ಕೂರುತ್ತೇವೆ. ಗಿರಾಕಿ ವಿಷಯದಲ್ಲಿ ಜಗಳ ಮಾಡುತ್ತೇವೆ, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬರುತ್ತೇವೆ. ಅವಳು ನನಗಿಂತ ಸಣ್ಣವಳು, ಅಕ್ಕ ಅನ್ನುತ್ತಾಳೆ. ಅವಳ ಗಂಡ ಸೊಂಟ ನೋವು ಅಂತ ಬೋಟಿಗೆ ಹೋಗುವುದನ್ನು ಬಿಟ್ಟು ಬಹಳ ವರ್ಷ ಆಯಿತು. ಜಗಲಿಯಲ್ಲಿ ಕೂತು ಕೇರಿಯ ಪಂಚಾತಿಗೆ ಮಾಡುತ್ತಾನೆ. ಅದಕ್ಕೆ ಸೊಂಟ ಅಡ್ಡ ಬರುವುದಿಲ್ಲ.

ನವರಾತ್ರಿಯಲ್ಲಿ ಮೀನು ಕೇಳುವವರು ಕಡಿಮೆ. ಹಾಗಾಗಿ ಸಂಘದವರು ವರ್ಷಕ್ಕೊಮ್ಮೆ ಆಗಲೇ ಪ್ರಯಾಣ ಹೊರಡುವುದು, ಪ್ರತಿ ಸಲ ಒಂದು ದೇವಸ್ಥಾನಕ್ಕೆ. ಕತ್ತಲಿಗೆ ಎದ್ದು ತಣ್ಣೀರು ಮೀಯುವುದು, ಸಾಲಿನಲ್ಲಿ ನಿಲ್ಲುವುದು, ಊಟಕ್ಕೆ ಇನ್ನೊಂದು ಸಾಲು, ಆಮೇಲೆ ಮನೆಯಲ್ಲಿದ್ದವರಿಗೆಲ್ಲ ಮರೆಯದೆ ಒಂದೊಂದು ಸಾಮಾನು ತಗೊಳ್ಳುವುದು. ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಬೆನ್ನುನೋವು ಹೊತ್ತು ಬರುತ್ತಿದ್ದೆವು. ನನಗೆ ದೇವರ ಮೇಲೆ ಸಿಟ್ಟಿಲ್ಲ. ಬೇಕೆನಿಸಿದಾಗ ಒಬ್ಬಳೇ ಬಸ್ಸು ಹತ್ತಿ ಕೊಲ್ಲೂರಿಗೆ ಹೋಗಿ ಬರುತ್ತೇನೆ. ಆದರೆ ಅದು ದೇವರಿಗೆ ಹೋದದ್ದು. ನಾನು ದಣಿವಾರಿಸಲು ಹೋದದ್ದಲ್ಲ.

ಘಟ್ಟದ ಬುಡದಲ್ಲಿ ಬ್ರಿಟಿಷರ ಕಾಲದ ಒಂದು ಕಾಡಿನ ಕ್ಯಾಂಪಿದೆ. ಮರ ಕಡಿಸುವ ದೊರೆಗಳು ಬಂದು ಇಳಿದುಕೊಳ್ಳುತ್ತಿದ್ದ ಜಾಗ. ನನ್ನ ಅತ್ತೆ ಪ್ರಾಯದಲ್ಲಿ ಒಣಮೀನು ಹೊತ್ತು ಅಲ್ಲಿಯ ಕೂಲಿಗಳಿಗೆ ಮಾರಲು ಹೋಗುತ್ತಿದ್ದರಂತೆ. ಬಂಗಲೆಯ ಅಂಗಳಕ್ಕೆ ಕಾಲಿಟ್ಟರೆ ನಾಯಿ ಬಿಡುತ್ತಿದ್ದರು ಅಂತ ಹೇಳುತ್ತಿದ್ದರು. ಈಗ ಅದನ್ನೇ ರಿಪೇರಿ ಮಾಡಿ, ಗುಂಪಿನಲ್ಲಿ ಬಂದವರಿಗೆ ಉಳಿಯಲು ಕೊಡುತ್ತಾರೆ. ಸೊಸೆ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಹಂಚಿನ ಮಾಡು, ಸುತ್ತ ಜಗಲಿ, ಸಾಲಾಗಿ ಮಂಚ. ಎದುರಿಗೆ ನೀರು ಹರಿಯುವ ಒಂದು ತೋಡು. ನೋಡಲು ಬೇರೆ ಏನೂ ಇಲ್ಲ. ಅದೇ ನನಗೆ ಹಿಡಿಸಿತು.

ಸಂಘದ ಮೀಟಿಂಗಿನಲ್ಲಿ ಹೇಳಿದೆ: ಈ ಸಲ ದೇವಸ್ಥಾನ ಬೇಡ. ಆ ಕ್ಯಾಂಪಿಗೆ ಹೋಗುವ, ಎರಡು ರಾತ್ರಿ ಇರುವ, ಯಾರೂ ಒಲೆ ಮುಟ್ಟುವುದು ಬೇಡ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಅಲ್ಲಿ ಜಿಗಣೆ ಇದೆಯಾ ಕೇಳಿದಳು. ಜಿಗಣೆ ಕೇಳಿದಳೆಂದರೆ ಬರುವ ಮನಸ್ಸಿದೆ ಅಂತ ನನಗೆ ಗೊತ್ತಾಯಿತು. ಪಕ್ಕದ ಮನೆಯವಳು ನಗಲೂ ಇಲ್ಲ, ಕೇಳಲೂ ಇಲ್ಲ. ನಾನು ತೋರಿಸಲು ತಂದಿದ್ದ ಸೊಸೆಯ ಮೊಬೈಲು ಇಸಿದುಕೊಂಡು ಆ ಮಂಚಗಳ ಫೋಟೋ ನೋಡುತ್ತಾ ಕೂತಿದ್ದಳು.

ಕ್ಯಾಂಪು ನೋಡಿಕೊಳ್ಳುವವನಿಗೆ ನಾನೇ ಫೋನು ಮಾಡಿದೆ. ಜನ ಎಷ್ಟು, ಯಾವ ದಿನ ಎಲ್ಲ ಕೇಳಿದ ಮೇಲೆ, ಜವಾಬ್ದಾರಿಗೆ ಗಂಡಸರು ಯಾರು ಬರುತ್ತಾರೆ ಅಂದ. ಯಾರೂ ಇಲ್ಲ ಅಂದೆ. ಹಾಗೆ ಕೊಟ್ಟು ಅಭ್ಯಾಸ ಇಲ್ಲವಂತೆ, ಒಬ್ಬರಾದರೂ ಇರಲಿ ಅಂದ. ಅಡುಗೆಯ ಮಾತು ಬಂದಾಗ ಮಾತ್ರ, ನೀವು ಇಷ್ಟು ಜನ ಹೆಂಗಸರು ಇದ್ದೀರಲ್ಲ, ಪಾತ್ರೆ ಕೊಡುತ್ತೇವೆ, ಮಾಡಿಕೊಳ್ಳಿ ಅಂತ ಧಾರಾಳ ತೋರಿಸಿದ.

"ಕಾಣಿ, ನಿಮ್ಗೆ ಒಬ್ಬ ಗಂಡಸ್ ಬೇಕ್, ನಮ್ಗೆ ಒಬ್ಬ ಅಡುಗಿಯವ ಬೇಕ್," ಅಂದೆ. "ಅಡುಗಿ ಮಾಡು ಗಂಡಸ್ ಒಬ್ನನ್ನ್ ನೀವೇ ಹುಡ್ಕಿ ಇಡಿ. ಇಬ್ರದ್ದೂ ಆಯ್ತ್."

ನೋಡುವ ಅಂತ ಫೋನು ಇಟ್ಟ. ಮರುದಿನ ಅವನೇ ಫೋನು ಮಾಡಿ, ಮದುವೆ ಮನೆಗಳಿಗೆ ಅಡುಗೆ ಮಾಡುವವರೊಬ್ಬರು ಸಿಕ್ಕಿದ್ದಾರೆ, ಬನ್ನಿ ಅಂದ.

ಹೊರಗಿನವನು ಒಪ್ಪಿದ. ಕೇರಿಯವರು ಒಪ್ಪಲಿಲ್ಲ. ನವರಾತ್ರಿಯಲ್ಲಿ ಊರಿಗೆ ಊರೇ ಕೊಲ್ಲೂರಿಗೆ ಹೋಗುವಾಗ ಈ ಮುದುಕಿಯರು ಕಾಡಿನಲ್ಲಿ ಎಂತ ಮಾಡುತ್ತಾರೆ ಅಂತ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ ಅದೇ ಮಾತು. ನನ್ನ ಮಗ ಬುದ್ಧಿ ಹೇಳಲು ಬಂದ. ಹೋಗಬೇಡಿ ಅನ್ನಲಿಲ್ಲ, ಅವನಿಗೆ ಅಷ್ಟು ಧೈರ್ಯ ಇಲ್ಲ. ಕೊಲ್ಲೂರಿಗೆ ಅಂತ ಹೇಳಿ ಎಲ್ಲಿಗೆ ಬೇಕಾದರೂ ಹೋಗಿ, ಯಾರು ಹಿಂದೆ ಬಂದು ನೋಡುತ್ತಾರೆ ಅಂದ. ನನಗೆ ಈ ಪ್ರಾಯದಲ್ಲಿ ಕದ್ದು ಮಲಗುವ ದರ್ದು ಇಲ್ಲ ಅಂದೆ.

ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬಳ ಮೊಮ್ಮಗುವಿಗೆ ಜ್ವರ ಬಂತು, ಇನ್ನೊಬ್ಬಳ ಮನೆಗೆ ನೆಂಟರು ಬರುವವರಿದ್ದರು. ಹೋಗಲಿ ಅಂತ ಬಿಟ್ಟೆ. ಆದರೆ ಪಕ್ಕದ ಮನೆಯವಳು ಹಾಲಾಡಿಯಲ್ಲಿ ಬಂಗುಡೆ ಮೇಲೆ ನೀರು ಚಿಮುಕಿಸುತ್ತಾ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದಳು: "ಅಕ್ಕ, ನಂಗೆ ಬಪ್ಪುಕೆ ಮನಸ್ಸಿತ್. ಇವ್ರ್ ಬಿಡುದಿಲ್ಲೆ. ಬಾಯಂಗೆ ಕೊಲ್ಲೂರ್ ಅಂದ್ರೆ ಎಂತ ಆತ್ತ್?"

"ಈ ಸಲ ಸುಳ್ಳ್ ಹೇಳ್ರೆ ಬಪ್ಪ ವರ್ಷವೂ ಹೇಳ್ಕ್," ಅಂದೆ. "ಕೊಲ್ಲೂರ್ ಅಂದ್ ಹೇಳುದಾದ್ರೆ ಕೊಲ್ಲೂರಿಗೇ ಹೋಗ್."

ಅವಳಿಗೆ ನೋವಾಯಿತು. ಹೆತ್ತದ್ದಕ್ಕೆ, ಅವ್ವ ಸತ್ತದ್ದಕ್ಕೆ ಬಿಟ್ಟರೆ ಅವಳು ಕೆಲಸ ಇಲ್ಲದೆ ಒಂದು ದಿನ ಮಲಗಿದವಳಲ್ಲ. ಅದು ನನಗೂ ಗೊತ್ತು. ಆದರೂ ಮಾತು ವಾಪಸು ತಗೊಳ್ಳಲಿಲ್ಲ. ಕೆಲವು ದಿನ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಕೂರಲಿ ಅಂದುಕೊಂಡೆ. ಹೊರಡುವ ದಿನ ಹತ್ತಿರ ಬಂದಾಗ ಬುಟ್ಟಿ ತಂದು ನನ್ನ ಬುಟ್ಟಿಗೆ ತಾಗಿಸಿ ಇಟ್ಟು, ಮನೆಯಲ್ಲಿ ಹೇಳಿದ್ದೇನೆ, ನಾನೂ ಬರುತ್ತೇನೆ ಅಂದಳು. ಎಂತ ಹೇಳಿದ್ದೀ ಅಂತ ನಾನು ಕೇಳಲಿಲ್ಲ.

ಬೆಳಿಗ್ಗೆ ನಮ್ಮ ಅಂಗಳಕ್ಕೆ ವ್ಯಾನು ಬಂತು. ಉಳಿದವರು ಹತ್ತಿ ಕೂತಿದ್ದರು. ಪಕ್ಕದ ಮನೆಯವಳು ಚೀಲ ಹಿಡಿದು ಬಂದಳು, ಹಿಂದಿನಿಂದ ಗಂಡ. ಬಿಳಿ ಪಂಚೆ ಉಟ್ಟಿದ್ದ, ಕೈಯಲ್ಲಿ ಬಾಳೆಎಲೆ ಸುತ್ತಿದ ಹಣ್ಣುಕಾಯಿ. ನೇರ ನನ್ನ ಹತ್ತಿರ ಬಂದು, "ಅಕ್ಕ, ನನ್ನ್ ಹೆಸ್ರಂಗೆ ಒಂದ್ ಪೂಜಿ ಮಾಡ್ಸಿ," ಅಂದ. ಆಮೇಲೆ ವ್ಯಾನಿನಲ್ಲಿದ್ದವರಿಗೂ ಕೇಳಲಿ ಅಂತ ಸ್ವರ ಏರಿಸಿದ. "ಕಾಡ್ ಬಿಟ್ಟ್ ಕಡೆಗೆ ಕೊಲ್ಲೂರಿಗೇ ಹೊರಟ್ರಿ ಅಂದ್ ಇವ್ಳ್ ಅಂದದ್ದಕ್ಕೆ ಬಿಟ್ಟದ್ದ್. ಬೇರೆ ಕಡಿಗಾದ್ರೆ ನಾ ಬಿಡ್ತಿರ್ಲಿಲ್ಲೆ."

ನಾನು ಕೈ ಚಾಚಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ನಾನು ಹೇಳಿದರೆ ಅವನಿಗೆ ಉತ್ತರ ಸಿಗುತ್ತಿತ್ತು, ಅವಳು ಮಾತ್ರ ಚೀಲ ಹಿಡಿದು ವಾಪಸು ಹೋಗುತ್ತಿದ್ದಳು. ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಗಂಡನ ಕೈಯ ತೆಂಗಿನಕಾಯಿ ನೋಡುತ್ತಿದ್ದಳು. ಆ ಕಾಯಿಯನ್ನೂ ಅವಳೇ ಹಿಂದಿನ ದಿನ ಹಾಲಾಡಿಯಿಂದ ತಂದದ್ದು.

"ಬಿಟ್ಟದ್ದಾ?" ಅಂದಳು.

ಅವನಿಗೆ ಅರ್ಥ ಆಗಲಿಲ್ಲ. ಹೌದು, ಬಿಟ್ಟದ್ದು ಅಂದ.

"ನಾ ಕೊಲ್ಲೂರಿಗ್ ಹೋತಿಲ್ಲೆ. ನಿಮ್ಗೆ ಸುಳ್ಳ್ ಹೇಳಿದ್ದೆ. ಕಾಡಿಗ್ ಹೋತೆ, ಎರಡ್ ದಿನ ಮನಿಕಂಬುಕೆ." ಸ್ವರ ತಗ್ಗಿಸಲಿಲ್ಲ. "ಪೂಜಿ ಆಯ್ಕ್ ಅಂದ್ರೆ ನೀವೇ ಹೋಯಿ ಬನ್ನಿ. ಬಸ್ಸಿತ್."

ಅವನು ನನ್ನ ಕಡೆ ತಿರುಗಿ, ಇದು ನಿಮ್ಮದೇ ಕೆಲಸ ಅಂದ. ಹೌದು ಅಂದೆ. ಸೊಂಟ ನೋವಿನಲ್ಲಿ ಬಸ್ಸಿನಲ್ಲಿ ಹೇಗೆ ಹೋಗುವುದು ಅಂದ. ಅವಳು ಚೀಲ ಒಳಗೆ ಎಸೆದು ಹತ್ತಿದಳು. ನಾನು ಬಾಗಿಲು ಎಳೆದೆ.

ಸ್ವಲ್ಪ ದೂರ ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ವಾಪಸು ಬಂದ ಮೇಲೆ ಮನೆಯಲ್ಲಿ ಏನಾಗುತ್ತದೋ ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಸಮಾಧಾನ ಹೇಳಿ ಏನು ಮಾಡುವುದು. ಯಾರೋ ಅವಲಕ್ಕಿಯ ಡಬ್ಬಿ ಕೊಟ್ಟರು, ತಿಂದಳು. ಹಾಲಾಡಿ ಬಂದಾಗ ನಾವು ಕೂರುವ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ತೋರಿಸೋಣ ಅಂತ ತಿರುಗಿದೆ. ಅವಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.