ಎರಡು ಮೈನರ್‌ಗಳ ನಡುವೆ

ಯುಗಾದಿಯಂದು ನನಗೆ ಸಭೆಯ ತುಂಬ ಚಪ್ಪಾಳೆ ಬಿತ್ತು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೈದರಾಬಾದಿನ ಸಾಫ್ಟ್‌ವೇರ್ ಹುಡುಗರ ಹೆಗಲಿಗೆಲ್ಲ ಈಗ ಗಿಟಾರ್ ಬಂದಿದೆ. ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವಾಕ್ಯ ತಿದ್ದುತ್ತ ನಲವತ್ತು ದಾಟಿದ ನಾನೂ ಒಂದನ್ನು ಕೊಂಡೆ. ಎ ಮೈನರ್ ಎಂಬ ಸ್ಕೇಲ್, ಅಂದರೆ ಸ್ವರಶ್ರೇಣಿ, ಅದೊಂದೇ ಕೈಗೆ ಕೂತಿತು. ಅಷ್ಟಕ್ಕೇ ಸನತ್‌ನಗರದ ನಮ್ಮ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ನುಡಿಸಲು ಒಪ್ಪಿಬಿಟ್ಟೆ. ಹಾಡಿನ ಮೊದಲರ್ಧ ಹೆಂಡತಿಯ ತಮ್ಮನದು, ಉಳಿದರ್ಧ ಅವಳದು. ಮದುವೆಯಾದ ಮೇಲೆ ಅವಳು ವೇದಿಕೆ ಹತ್ತಿದ್ದು ಅದೇ ಮೊದಲು. ಕೇಳಲೆಂದೇ ಅವಳ ತಾಯಿ ಕಲಬುರಗಿಯಿಂದ ಬಂದಿದ್ದರು.

ಅವನ ಗಂಟಲಿಗೆ ಎ ಮೈನರ್, ಅವಳದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ ಮೈನರ್. ಬಲ್ಲವರು ಇಂಥಲ್ಲಿ ಇ ಮೈನರ್ ಎಂಬ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪನ್ನು ಹಿಡಿಯುತ್ತಾರೆ. ಅದು ಎರಡೂ ಮನೆಗೆ ಬೇಕಾದ ನೆಂಟ. ಅಲ್ಲಿಂದ ಎಫ್ ಶಾರ್ಪ್ ಸೆವೆನ್ ಎಂಬ ಇನ್ನೊಂದು ಕಾರ್ಡ್ ಮುಟ್ಟಿದರೆ ಕಿವಿಯೇ ಬಿ ಮೈನರನ್ನು ಬೇಡುತ್ತದೆ; ಹೊಸ್ತಿಲು ದಾಟಿದ್ದೇ ತಿಳಿಯುವುದಿಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ತರಕಾರಿಯವಳೊಡನೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಲೇ ಒಳಗಿರುವ ನನ್ನನ್ನು ಕನ್ನಡದಲ್ಲಿ ಗದರುತ್ತಾಳಲ್ಲ, ಹಾಗೆ. ನನಗೆ ಆಗ ಆ ಬೆರಳುಗಾರಿಕೆ ಬರುತ್ತಿರಲಿಲ್ಲ. ಹಾಡಿನ ನಡುವೆ ನಿಲ್ಲಿಸಿ, ಗಿಟಾರಿನ ಕತ್ತಿಗೆ ಸ್ವರ ಏರಿಸುವ ಕ್ಲಿಪ್ ಸಿಕ್ಕಿಸುವುದೆಂದು ನಿರ್ಧರಿಸಿದ್ದೆ.

"ನಡುವ ನಿಂತ್ರಿ ಅಂದ್ರ ಮಂದಿ ಮುಗೀತು ಅಂತಾರ್ರೀ" ಎಂದು ಅವಳು ಮನೆಯಲ್ಲೇ ಹೇಳಿದ್ದಳು.

ಮಂದಿ ಹಾಗೆಯೇ ಅಂದುಕೊಂಡರು. ನಾನು ಕ್ಲಿಪ್ಪಿಗೆ ತಡಕಾಡುತ್ತಿದ್ದಾಗ ಚಪ್ಪಾಳೆ ಬಿತ್ತು. ಬಳಗದ ಅಧ್ಯಕ್ಷರು ಮೈಕ್ ಹಿಡಿದು, "ಭಾಳ ಛಲೋ ಆತು! ಇನ್ನ ಏಳ್ರಿ, ಊಟ ತಯಾರೈತಿ" ಎಂದರು. ಹೋಳಿಗೆಯ ವಾಸನೆ ಬಂದ ಮೇಲೆ ಯಾರನ್ನು ಕೂರಿಸುವುದು? ಹಾಡಲು ಬಾಯಿ ತೆರೆದಿದ್ದವಳು ಹಾಗೆಯೇ ಮುಚ್ಚಿಕೊಂಡಳು. ಮುಂದಿನ ಸಾಲಿನಲ್ಲಿ ಅತ್ತೆ ಮಾತ್ರ ಕುಳಿತೇ ಇದ್ದರು.

"ಆಕಿ ಪಾಳಿ ಯಾವಾಗ್ರೀ, ಅಳಿಯಂದ್ರ?"

ಪ್ಯಾರಾಗಳ ನಡುವೆ ಕೊಂಡಿಯಿಲ್ಲವೆಂದು ವರದಿಗಾರರ ಜೀವ ತಿನ್ನುವ ಮನುಷ್ಯ ನಾನು. ಪತ್ರಿಕೆಯಲ್ಲಾಗಿದ್ದರೆ ಮರುದಿನ ಒಳಪುಟದಲ್ಲೊಂದು ತಿದ್ದುಪಡಿ ಹಾಕಿ ತಲೆಯೆತ್ತಿ ಓಡಾಡಬಹುದಿತ್ತು. ಸಂಸಾರಕ್ಕೆ ಒಳಪುಟವಿಲ್ಲ.

ಅಂದಿನಿಂದ ಪಟ್ಟು ಹಿಡಿದು ಕಲಿತೆ. ಈಗ ತಡವರಿಸದೆ ಬಿ ಮೈನರ್‌ಗೆ ದಾಟಿ ಅಡುಗೆಮನೆಯತ್ತ ನೋಡುತ್ತೇನೆ. ಮೊನ್ನೆ ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಛಲೋ ದಾಟತೀರಿ. ಆದ್ರ ಈಗ ನಾ ಹಾಡೂದಿಲ್ಲ. ದೀಪಾವಳಿಗೆ ಅವ್ವ ಬರ್ತಾಳ. ಆಕಿ ಮುಂದ ಕುಂತಾಗ ಹಾಡ್ತೀನಿ."

ಅತ್ತೆಯ ಪ್ರಶ್ನೆಗೆ ಉತ್ತರ ಅವಳ ಬಳಿ ಇದೆ. ನಡುವೆ ಚಪ್ಪಾಳೆ ನುಸುಳುವಷ್ಟು ಜಾಗ ಬಿಡದಿರುವುದಷ್ಟೇ ನನ್ನ ಪಾಲಿನ ಸಂಗೀತ.